ಹುಲ್ಲಿನ ಮಾಡು ಹೊದಿಸಿದರೆ ಹೋಟೆಲು ಹಸಿರಾದೀತೇ?

ನೀಲಗಿರಿಯ ಮಸಿನಗುಡಿ, ವಯನಾಡಿನ ಮೇಪ್ಪಾಡಿ, ತಾಳವಾಡಿ ಭಾಗದ ಹಾಸನೂರು... ಗಡಿಯ ಕಾಡಂಚಿನಲ್ಲಿ ಎಲ್ಲಿ ಹೋದರೂ ರೆಸಾರ್ಟ್‌ಗಳ ಫಲಕ. ಹಲವದರಲ್ಲಿ ‘ಪರಿಸರಸ್ನೇಹಿ’ ಎಂಬ ಮಾತು ಬೇರೆ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಸೌರವಿದ್ಯುತ್ತು. ಒಂದು ರಾತ್ರಿಯ ಬಾಡಿಗೆ ನಮ್ಮ ಕೂಲಿಕಾರರ ಹಲವು ದಿನಗಳ ದುಡಿಮೆಯಷ್ಟು! ಕೆಲಸ ಸಿಗುತ್ತದೆ, ಜಾಗಕ್ಕೆ ಬೆಲೆ ಬರುತ್ತದೆ ಎಂದು ಊರವರಿಗೂ ಆಸೆ. ಆಸೆಪಡುವುದು ತಪ್ಪಲ್ಲ. ಆದರೆ ಹೋಟೆಲನ್ನು ಯಾವುದರಿಂದ ಕಟ್ಟಿದ್ದಾರೆ ಎಂದು ನೋಡುವ ಮೊದಲು ಎಲ್ಲಿ ಕಟ್ಟಿದ್ದಾರೆ ಎಂದು ನೋಡಬೇಕು.

ಸೀಗೂರಿನ ಪಾಠ

ಮಸಿನಗುಡಿ, ಬೊಕ್ಕಾಪುರ, ಮಾವನಹಳ್ಳಗಳಿರುವ ಸೀಗೂರು ಪ್ರಸ್ಥಭೂಮಿ ಮಳೆ ಕಡಿಮೆ ಬೀಳುವ ಪ್ರದೇಶ. ಒಂದು ಕಡೆ ನೀಲಗಿರಿಯ ಕಡಿದಾದ ಬೆಟ್ಟ, ಇನ್ನೊಂದು ಕಡೆ ಮೋಯಾರ್ ಕಮರಿ. ಪಶ್ಚಿಮ ಘಟ್ಟದ ಕಾಡಿನಿಂದ ಪೂರ್ವ ಘಟ್ಟದ ಕಾಡಿಗೆ ಹೋಗುವ ಆನೆಗಳಿಗೆ ಇವೆರಡರ ನಡುವಿನ ಬಯಲೇ ದಾರಿ. ಅಲ್ಲೇ ರೆಸಾರ್ಟ್‌ಗಳು ತಲೆಯೆತ್ತಿದವು, ಸುತ್ತ ವಿದ್ಯುತ್ ಬೇಲಿಗಳೂ ಬಂದವು.

ತಮಿಳುನಾಡು ಸರಕಾರ 2010ರ ಆಗಸ್ಟ್‌ನಲ್ಲಿ ಇದನ್ನು ಆನೆದಾರಿ ಎಂದು ಅಧಿಸೂಚಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಅನುಮತಿ ಇಲ್ಲದ ರೆಸಾರ್ಟ್‌ಗಳಿಗೆ ಬೀಗಮುದ್ರೆ ಬಿತ್ತು. ಕೊನೆಗೆ 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟೂ ಅಧಿಸೂಚನೆಯನ್ನು ಎತ್ತಿಹಿಡಿದು, ಆಕ್ಷೇಪಗಳನ್ನು ಕೇಳಲು ನಿವೃತ್ತ ನ್ಯಾಯಮೂರ್ತಿ ಕೆ. ವೆಂಕಟರಾಮನ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು.

ಇಷ್ಟಾದರೂ 2021ರ ಜನವರಿಯಲ್ಲಿ ಇದೇ ಪ್ರದೇಶದ ಒಂದು ತಂಗುಮನೆಯ ಬಳಿ ಬಂದ ಆನೆಯ ಮೇಲೆ ಉರಿಯುವ ವಸ್ತು ಎಸೆದರು. ಸುಟ್ಟ ಗಾಯಗಳಿಂದ ನರಳಿದ ಆ ಆನೆ ಸತ್ತೇಹೋಯಿತು. ಗೋಡೆ ಮಣ್ಣಿನದೋ ಸಿಮೆಂಟಿನದೋ ಎಂಬುದರಿಂದ ಆನೆಗೇನು ವ್ಯತ್ಯಾಸ? ದಾರಿಗೆ ಅಡ್ಡವಾಗಿ ನಿಂತ ಮೇಲೆ ಎರಡೂ ಒಂದೇ.

ಇಲ್ಲಿ ಇನ್ನೊಂದು ಸಂಕಟವೂ ಇದೆ. ಆನೆದಾರಿಯ ಗೆರೆಯೊಳಗೆ ರೆಸಾರ್ಟ್‌ಗಳಷ್ಟೇ ಇಲ್ಲ, ಸಾಮಾನ್ಯ ಜನರ ಮನೆ, ಹೊಲಗಳೂ ಇವೆ. ದೊಡ್ಡ ಧಣಿಗೆ ವಕೀಲರಿದ್ದಾರೆ. ಎರಡು ಎಕರೆಯ ರೈತನಿಗೆ ಯಾರಿದ್ದಾರೆ? 2022ರ ಜೂನ್‌ನಲ್ಲಿ ಸಂರಕ್ಷಿತ ಕಾಡುಗಳ ಸುತ್ತ ಒಂದು ಕಿಲೋಮೀಟರ್ ಸೂಕ್ಷ್ಮ ವಲಯ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ ವಯನಾಡಿನ ಕೃಷಿಕರು ಬೀದಿಗಿಳಿದದ್ದು ಇದೇ ಭಯದಿಂದ. 2023ರ ಏಪ್ರಿಲ್‌ನಲ್ಲಿ ಆ ಆದೇಶ ಸಡಿಲವಾಯಿತು. ಆದರೆ ಜನರ ಮನಸ್ಸಿನ ಅಳುಕು ಅಷ್ಟು ಬೇಗ ಹೋಗುವುದಿಲ್ಲ.

ಇಳಿಜಾರಿನ ಲೆಕ್ಕ

2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. 200ಕ್ಕೂ ಹೆಚ್ಚು ಜನ ಸತ್ತರು. ಭಾರೀ ಮಳೆಗೆ ಗುಡ್ಡ ಕುಸಿದದ್ದು ಜನವಸತಿಗಿಂತ ಬಹಳ ಮೇಲೆ, ಕಾಡಿನ ಇಳಿಜಾರಿನಲ್ಲಿ. ಆ ದುರಂತಕ್ಕೆ ರೆಸಾರ್ಟ್‌ಗಳೇ ಕಾರಣ ಎಂದುಬಿಡುವುದು ಸರಿಯಲ್ಲ. ಆದರೆ ಮೇಲಿನಿಂದ ಬರುವ ನೀರಿನ ದಾರಿಯಲ್ಲಿ ಏನನ್ನು ಕಟ್ಟಿದರೂ ಅಪಾಯವೇ ಎಂಬುದು ಅಂದು ಕಣ್ಣಿಗೆ ಕಂಡಿತು.

ನೋಟ ಚೆನ್ನಾಗಿರಲಿ ಎಂದು ಗುಡ್ಡದ ನೆತ್ತಿಯಲ್ಲೇ ಕೊಠಡಿ ಬೇಕೆನ್ನುತ್ತಾರೆ. ಅದಕ್ಕಾಗಿ ಇಳಿಜಾರು ಕಡಿದು ಸಮತಟ್ಟು ಮಾಡುತ್ತಾರೆ, ರಸ್ತೆ ಕೊರೆಯುತ್ತಾರೆ, ಮಳೆಗಾಲದಲ್ಲಿ ಮಾತ್ರ ಹರಿಯುವ ತೋಡನ್ನು ಮುಚ್ಚುತ್ತಾರೆ. ಆಗ ನೀರು ಬೇರೆ ದಾರಿ ಹುಡುಕುತ್ತದೆ. ಬಲ್ಲ ವಿನ್ಯಾಸಕಾರ ಮೊದಲು ಒಂದು ಮಳೆಗಾಲ ಪೂರ್ತಿ ಜಾಗವನ್ನು ನೋಡುತ್ತಾನೆ. ನೆಲ ಕಡಿಯದೆ ಕಂಬಗಳ ಮೇಲೆ ಕಟ್ಟುತ್ತಾನೆ. ಇಲ್ಲಿ ಕಟ್ಟಲೇಬಾರದು ಎನಿಸಿದರೆ ಹಾಗೆಂದು ಹೇಳುತ್ತಾನೆ.

ಕೊಳದ ನೀರು ಯಾರದು?

ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಣ್ಣ ಈಜುಕೊಳಕ್ಕೆ 75,000 ಲೀಟರ್ ನೀರು ಬೇಕು. ಜಲಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬನಿಗೆ ದಿನಕ್ಕೆ 55 ಲೀಟರ್ ಲೆಕ್ಕ. ಅಂದರೆ ಕೊಳ ಒಮ್ಮೆ ತುಂಬುವ ನೀರು 1,350ಕ್ಕೂ ಹೆಚ್ಚು ಜನರ ಒಂದು ದಿನದ ನೀರು! ಸೀಗೂರಿನಂಥ ಒಣ ಜಾಗದಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಅಕ್ಕಪಕ್ಕದ ಬಾವಿ ಬತ್ತುವ ಭಯ ಹೆಚ್ಚು. ಹಾಗೆಯೇ ಶೌಚದ ನೀರು ಶುದ್ಧವಾಗದೆ ಹಳ್ಳ ಸೇರಿದರೆ ಕೆಳಗಿನ ಊರು ಅದನ್ನೇ ಕುಡಿಯಬೇಕು. ಅಡುಗೆಮನೆಯ ಕಸ ಹೊರಗೆ ಬಿದ್ದರೆ ಕಾಡುಹಂದಿ, ಕರಡಿ ಬರುತ್ತವೆ. ಅತಿಥಿ ಎರಡು ದಿನದಲ್ಲಿ ಹೊರಟುಹೋಗುತ್ತಾನೆ, ರಾತ್ರಿ ಹಟ್ಟಿ ಕಾಯಬೇಕಾದವರು ಊರಿನವರು.

ಒಳ್ಳೆಯ ಮಾದರಿ ಇಲ್ಲವೇ? ಇದೆ. ತೇಕ್ಕಡಿಯ ಸ್ಪೈಸ್ ವಿಲೇಜ್ ಇರುವುದು ಕಾಡಿನೊಳಗಲ್ಲ, ಕುಮಳಿ ಪೇಟೆಯಲ್ಲಿ. ಅಲ್ಲಿನ ಮನ್ನಾನ್ ಬುಡಕಟ್ಟಿನವರ ಮನೆಗಳ ರೀತಿಯಲ್ಲಿ ಆನೆಹುಲ್ಲು ಹೊದಿಸಿದ ಕುಟೀರಗಳು, ಹವಾನಿಯಂತ್ರಣ ಇಲ್ಲ. ಕಬಿನಿ ಹಿನ್ನೀರಿನ ಕಾರಾಪುರದಲ್ಲಿ ಕರ್ನಾಟಕ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮೈಸೂರು ಮಹಾರಾಜರ ಕಾಲದ ಬೇಟೆ ಬಂಗಲೆಯನ್ನೇ ಅತಿಥಿಗಳಿಗೆ ಬಳಸಿತು. ಇರುವ ಕಟ್ಟಡವನ್ನು ಬಳಸಿದರೆ ಅಷ್ಟರ ಮಟ್ಟಿಗೆ ಹೊಸ ನೆಲ ಅಗೆಯುವುದು ತಪ್ಪುತ್ತದೆ.

ಸಹಿಗೆ ಮೊದಲು

ಗಡಿನಾಡಿನ ನಮಗೆ ಇನ್ನೊಂದು ತೊಡಕು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮಲಯಾಳ ಇಲ್ಲವೇ ತಮಿಳು, ಬಂಡವಾಳಗಾರನ ಕರಾರು ಇಂಗ್ಲಿಷ್. ಮೂರನ್ನೂ ಓದಬಲ್ಲ ಯುವಕರು ಈಗ ಊರೂರಲ್ಲಿ ಇದ್ದಾರೆ. ಜಾಗ ಮಾರುವ ಮೊದಲು, ಪಂಚಾಯತು ಪರವಾನಗಿ ಕೊಡುವ ಮೊದಲು ಅವರಿಂದ ಓದಿಸಿ ಅರ್ಥಮಾಡಿಕೊಳ್ಳಬೇಕು. ಗ್ರಾಮಸಭೆಯಲ್ಲಿ ನೇರವಾಗಿ ಕೇಳಬೇಕು: ನೀರು ಎಲ್ಲಿಂದ, ದಿನಕ್ಕೆ ಎಷ್ಟು? ಕೊಳಚೆ ಎಲ್ಲಿಗೆ? ಬೇಲಿ ಎಲ್ಲಿ? ಆನೆ ನಡೆಯುವ ದಾರಿ, ತೋಡಿನ ದಾರಿ ನಕ್ಷೆಯಲ್ಲಿ ಇವೆಯೇ? ಊರವರಿಗೆ ಕಾವಲಿನ ಕೆಲಸ ಮಾತ್ರವೋ, ಮೇಲಿನ ಹುದ್ದೆಯೂ ಉಂಟೋ?

ಉತ್ತರಗಳನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ ನಡಾವಳಿಯಲ್ಲಿ ಬರೆಸಬೇಕು. ಆನೆ ಎಲ್ಲಿ ದಾಟುತ್ತದೆ, ಮಳೆಗಾಲದಲ್ಲಿ ಯಾವ ತೋಡು ಉಕ್ಕುತ್ತದೆ ಎಂಬುದು ದೂರದ ವಾಸ್ತುಶಿಲ್ಪಿಗಿಂತ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆ ಕಟ್ಟಡ ಎದ್ದ ಮೇಲೆ ದೂರಾಗುತ್ತದೆ. ನಕ್ಷೆ ಬರೆಯುವ ಮುನ್ನವೇ ಹೇಳಿದರೆ ಊರಿಗೂ ಒಳ್ಳೆಯದು, ಹೋಟೆಲಿಗೂ ಒಳ್ಳೆಯದು.