ಅನ್ನವಸ್ತ್ರವೂ ಪಾಲೂ

ಕಳೆದ ತಿಂಗಳು ತಾಲ್ಲೂಕು ಕೇಂದ್ರವೊಂದರಿಂದ ಓರ್ವ ತಾಯಿಯವರು ನನಗೊಂದು ಕಾಗದವನ್ನು ಬರೆದಿರುವರು. ಅವರ ಮಗಳಿಗೆ ಹುಟ್ಟಿನಿಂದಲೇ ದೃಷ್ಟಿಮಾಂದ್ಯ. ಕನ್ನಡಕವನ್ನು ಧರಿಸಿಯೂ ಪುಸ್ತಕವನ್ನು ಮೂಗಿನ ಬಳಿಗೆ ಹಿಡಿದೇ ಓದತಕ್ಕವಳು. ಹೀಗಿದ್ದರೂ ಹತ್ತನೆಯ ತರಗತಿಯಲ್ಲಿ ಪ್ರಥಮ ಶ್ರೇಣಿಯಲ್ಲಿ ಉತ್ತೀರ್ಣಳಾಗಿ, ಈಗ ವಾಣಿಜ್ಯಶಾಸ್ತ್ರವನ್ನೇ ಓದುವೆನೆಂದು ಹಟ ಹಿಡಿದಿರುವಳು. ನೆಂಟರಿಷ್ಟರಾದರೋ, "ಕಣ್ಣು ಹೀಗಿದೆ, ಸಂಗೀತ ಹೇಳಿಸಿಬಿಡಿ, ಸಾಕು" ಎನ್ನುತ್ತಿರುವರಂತೆ. ತಾಯಿಯವರ ಸಂಕಟ ಬೇರೆ. ಕಾಲೇಜಿನ ಅರ್ಜಿಯಲ್ಲಿ ಅಂಗವೈಕಲ್ಯವುಂಟೇ ಎಂದು ಕೇಳಿರುವ ಕಡೆಯಲ್ಲಿ 'ಇಲ್ಲ' ಎಂದು ಬರೆದುಬಿಟ್ಟರೆ ಏನು ದೋಷ? ಒಮ್ಮೆ ಸರಕಾರದ ಕಾಗದವನ್ನು ಸೇರಿದ ಮಾತನ್ನು ನಾಳೆ ಮದುವೆಯ ಪ್ರಸ್ತಾಪ ಬಂದಾಗ ಅಳಿಸುವುದೆಂತು?

ಇಂತಹ ಪ್ರಶ್ನೆಗೆ ಹಿಂದೊಮ್ಮೆ ತಪ್ಪು ಉತ್ತರವನ್ನು ಕೊಟ್ಟವನು ನಾನು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಶಬ್ದರೂಪಗಳನ್ನು ಎಲ್ಲಿಂದ ಕೇಳಿದರೂ ತಡೆಯಿಲ್ಲದೆ ಹೇಳುವನು. ಬರೆಯಲು ಕುಳಿತರೆ ಮಾತ್ರ ಬೆರಳುಗಳು ಸೆಟೆದುಕೊಂಡು ಅರ್ಧ ಪುಟಕ್ಕೆ ನಿಲ್ಲುವನು. ವೈದ್ಯರಿಂದ ಪ್ರಮಾಣಪತ್ರ ತರಲೇ ಎಂದು ಅವನ ತಂದೆ ಬಂದು ಕೇಳಿದಾಗ, "ಬೇಡ, ಹುಡುಗನ ಹೆಸರಿಗೆ ಅದೊಂದು ಅಂಟಿಕೊಳ್ಳುವುದು; ಕಾಪಿ ಬರೆಯಿಸಿ, ಸರಿಹೋಗುವುದು" ಎಂದು ಹಿತಬೋಧೆ ಮಾಡಿ ಕಳುಹಿಸಿದೆನು. ಸರಿಹೋಗಲಿಲ್ಲ. ಪರೀಕ್ಷೆಯ ಗಂಟೆ ಬಾರಿಸಿದಾಗ ಅವನ ಉತ್ತರಪತ್ರಿಕೆಯ ಬಹುಭಾಗ ಬರಿದಾಗಿದ್ದಿತು. ಉತ್ತರ ತಿಳಿಯದೆ ಅಲ್ಲ, ಹೊತ್ತು ಸಾಲದೆ. ಆ ವರ್ಷವೇ ಅವನು ಓದನ್ನು ಬಿಟ್ಟನು. ಆದುದರಿಂದ ಈ ತಾಯಿಯವರಿಗೆ ಉತ್ತರಿಸುವಾಗ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದರೆ ಅವರು ಕ್ಷಮಿಸಬೇಕು.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ದಾಯಭಾಗದ ಪ್ರಕರಣವೊಂದಿದೆ. ಹುಟ್ಟುಕುರುಡರು, ಕಿವುಡರು, ಮೂಕರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂದು ಅಲ್ಲಿ ಹೇಳಿದೆ. ಪಾಲುಗೊಂಡವರು ಅವರಿಗೆ ಬದುಕಿರುವಷ್ಟು ಕಾಲವೂ ಅನ್ನವಸ್ತ್ರಗಳನ್ನು ಕೊಡತಕ್ಕದ್ದೆಂದೂ ಹೇಳಿದೆ. ಆಸ್ತಿಯ ವಿಷಯದಲ್ಲಿ ಈ ಬಗೆಯ ಅನರ್ಹತೆಯನ್ನು 1956ರ ಹಿಂದೂ ಉತ್ತರಾಧಿಕಾರ ಕಾನೂನು ನಿಶ್ಶೇಷವಾಗಿ ತೊಡೆದುಹಾಕಿತು. ವಿದ್ಯೆಯ ವಿಷಯದಲ್ಲಿಯೋ, ನಮ್ಮ ಮನೆಗಳಲ್ಲಿ ಇನ್ನೂ ಆ ಹಳೆಯ ನ್ಯಾಯವೇ ನಡೆಯುತ್ತಿರುವುದು. "ಪಾಪ, ಕೂತು ಉಣ್ಣಲಿ" ಎನ್ನುವವರ ಕರುಣೆಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಅದು ಅನ್ನವಸ್ತ್ರ ಕೊಡುವವರ ಕರುಣೆ.

ಈಗಿನ ಕಾನೂನು ಪಾಲನ್ನೇ ಕೊಟ್ಟಿದೆ. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಗಣಿಸಿದ್ದರೆ, 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್‌ನಿಂದ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಗಳನ್ನು ಹೆಸರಿಸಿದೆ. ಓದುಬರಹದಲ್ಲಿಯೇ ತೊಡಕಾಗುವ ಕಲಿಕೆಯ ನ್ಯೂನತೆಯೂ ಅದರಲ್ಲಿ ಸೇರಿದೆ. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಉನ್ನತ ಶಿಕ್ಷಣದಲ್ಲಿ, ಸರಕಾರದ ಮತ್ತು ಸರಕಾರದ ನೆರವು ಪಡೆಯುವ ಸಂಸ್ಥೆಗಳು ಇಂತಹವರಿಗಾಗಿ ನೂರಕ್ಕೆ ಐದಕ್ಕೆ ಕಡಿಮೆಯಾಗದಂತೆ ಸ್ಥಾನಗಳನ್ನು ಕಾದಿರಿಸಬೇಕು. ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆಯೂ ಉಂಟು. ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಲಿಪಿಕಾರನ ಸಹಾಯ, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ, ಇವುಗಳ ಪ್ರಸ್ತಾಪವೂ ಆ ಕಾನೂನಿನಲ್ಲಿಯೇ ಇದೆ. ಆದರೆ ಇವುಗಳಲ್ಲಿ ಯಾವುದೂ ಬಾಯಿ ತೆರೆದು ಕೇಳದವರ ಮನೆ ಬಾಗಿಲಿಗೆ ಬರುವುದಿಲ್ಲ. ಅರ್ಜಿಯಲ್ಲಿ 'ಇಲ್ಲ' ಎಂದು ಬರೆದವರು ಪಾಲುಪತ್ರದ ಮೇಲೆ ತಾವೇ ಬಿಡುಗಡೆಯ ರುಜು ಹಾಕಿಕೊಟ್ಟಂತಾಯಿತು.

ಲಿಪಿಕಾರನನ್ನು ತೆಗೆದುಕೊಂಡು ಬರೆದ ಪರೀಕ್ಷೆ ಪರೀಕ್ಷೆಯೇ ಅಲ್ಲವೆಂದು ಮೂಗು ಮುರಿಯುವ ಉಪಾಧ್ಯಾಯರನ್ನು ನಾನು ಬಲ್ಲೆನು. ಮಹಾಭಾರತಕ್ಕೆ ಲಿಪಿಕಾರನಾದವನು ಗಣಪತಿಯೆಂದು ಎಲ್ಲರೂ ಹೇಳುವರು. ಅದರಿಂದ ಭಾರತವು ವ್ಯಾಸರದಲ್ಲವೆಂದು ಇದುವರೆಗೆ ಯಾರೂ ಹೇಳಿದಂತಿಲ್ಲ. 2018ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಸೂಚನೆಗಳ ಪ್ರಕಾರ ಗಂಟೆಯೊಂದಕ್ಕೆ 20 ನಿಮಿಷಗಳಿಗೆ ಕಡಿಮೆಯಾಗದ ಹೆಚ್ಚಿನ ಕಾಲವನ್ನು ಕೊಡಬೇಕು. ಲಿಪಿಕಾರನು ಬೇಡವೆನ್ನುವವರಿಗೂ ಇದು ಸಲ್ಲುವುದು. ಕೈ ಸೆಟೆದುಕೊಳ್ಳುವ ರೋಗವಿದ್ದ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ, ವೈಕಲ್ಯವು ನೂರಕ್ಕೆ 40ನ್ನು ಮುಟ್ಟಲಿಲ್ಲವೆಂಬ ಕಾರಣಕ್ಕೆ ಲಿಪಿಕಾರನನ್ನು ನಿರಾಕರಿಸಕೂಡದೆಂದು 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆ ತೀರ್ಪನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ಸಂಗೀತದ ಮಾತು. ನಾನು ಅದನ್ನು ಹಳಿಯುವವನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಒಟ್ಟಿಗೇ ಕೊಟ್ಟರು. ಸ್ವತಃ ಅಂಧರಾದ ಪುಟ್ಟರಾಜರು ಸಂಗೀತದೊಡನೆ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಆದರೆ ಕಣ್ಣು ಮಂದವೆಂಬ ಒಂದೇ ಕಾರಣಕ್ಕೆ, ಲೆಕ್ಕದಲ್ಲಿ ಮನಸ್ಸಿಟ್ಟ ಮಗುವಿನ ಕೈಗೆ ತಂಬೂರಿಯನ್ನು ಕೊಡುವುದು ಸಂಗೀತಕ್ಕೂ ಗೌರವವಲ್ಲ. ದಾರಿಗಳು ಈಗ ಹಲವು. ಮೈಸೂರಿನಲ್ಲಿ ವಿಕಲಚೇತನರಿಗಾಗಿಯೇ ಜೆ.ಎಸ್.ಎಸ್. ಸಂಸ್ಥೆಯವರು 1991ರಲ್ಲಿ ತೆರೆದ ಪಾಲಿಟೆಕ್ನಿಕ್ ಇದೆ. ವಾಕ್ ಶ್ರವಣಗಳ ತೊಂದರೆಯುಳ್ಳವರ ತಪಾಸಣೆಗೂ ಚಿಕಿತ್ಸೆಗೂ 1965ರಲ್ಲಿ ಅದೇ ಊರಿನಲ್ಲಿ ಸ್ಥಾಪಿತವಾದ ವಾಕ್ ಶ್ರವಣ ಸಂಸ್ಥೆಯಿದೆ. ವೈದ್ಯಶಿಕ್ಷಣಕ್ಕೆ ಸೇರಬಯಸುವವರನ್ನು ಕೇವಲ ವೈಕಲ್ಯದ ಅಂಕೆಯನ್ನು ನೋಡಿ ತಳ್ಳಿಹಾಕದೆ, ಆ ಓದನ್ನು ನಡೆಸಬಲ್ಲರೇ ಎಂದು ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಹೇಳಿತು. ದೃಷ್ಟಿಯಿಲ್ಲವೆಂಬ ಕಾರಣಕ್ಕೆ ನ್ಯಾಯಾಧೀಶರ ಹುದ್ದೆಯನ್ನು ನಿರಾಕರಿಸಲಾಗದೆಂದು 2025ರ ಮಾರ್ಚಿಯಲ್ಲಿ ಹೇಳಿತು.

ಓದುವ ಉಪಕರಣಗಳ ಮಾತನ್ನೂ ಹೇಳಬೇಕು. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿ, ಲೋಕಕ್ಕೆಲ್ಲ ಉಚಿತವಾಗಿ ಕೊಟ್ಟಿರುವರು. ಅದು ಕನ್ನಡವನ್ನೂ ಓದುವುದು. ಉಚ್ಚಾರಣೆ ನನ್ನ ಕಿವಿಗೆ ಹಿತವಲ್ಲ, ಆದರೆ ಪುಸ್ತಕ ಮುಗಿಯುವುದು. ಮುದ್ರಿತ ಪುಸ್ತಕಗಳನ್ನು ಇಂತಹವರಿಗಾಗಿ ರೂಪಾಂತರಿಸಲು ಗ್ರಂಥಸ್ವಾಮ್ಯದ ಅಡ್ಡಿಯನ್ನು 2012ರ ತಿದ್ದುಪಡಿಯಲ್ಲಿಯೇ ತೆಗೆದಿದ್ದಾರೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಲ್ಲಿ ಅಂತಹ ಪುಸ್ತಕಗಳು ದೊರೆಯುವುವು.

ತಾಯಿಯವರು ಮಾಡತಕ್ಕ ಕೆಲಸ ಹೀಗಿದೆ. ಮೊದಲು ವೈಕಲ್ಯದ ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ, ಕರೆದ ದಿನ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಕನ್ನಡಕವನ್ನು ಮರೆಯಕೂಡದು, ಏಕೆಂದರೆ ದೃಷ್ಟಿಯನ್ನು ಕನ್ನಡಕ ಹಾಕಿಸಿಯೇ ಅಳೆಯುವರು. ಆ ಕಾಗದದ ನಕಲನ್ನು ಕಾಲೇಜಿನ ಪ್ರವೇಶದ ಅರ್ಜಿಗೇ ಲಗತ್ತಿಸಬೇಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಅದೇ ಬೇಕಾಗುವುದು. ಹೆಚ್ಚಿನ ಕಾಲವನ್ನೂ ದಪ್ಪಕ್ಷರದ ಪ್ರಶ್ನಪತ್ರಿಕೆಯನ್ನೂ ಪರೀಕ್ಷೆಯ ವಾರದಲ್ಲಿ ಅಲ್ಲ, ಪರೀಕ್ಷಾ ಅರ್ಜಿ ತುಂಬುವಾಗಲೇ ಪ್ರಾಂಶುಪಾಲರ ಮೂಲಕ ಬರವಣಿಗೆಯಲ್ಲಿ ಕೇಳಿ, ತಲುಪಿತೆಂಬ ರಸೀತಿಯನ್ನು ಪಡೆಯಬೇಕು. ಲಿಪಿಕಾರನು ಯಾರಾಗಿರಬೇಕೆಂಬ ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿಕೊಳ್ಳುವುದು ಲೇಸು.

ಮದುವೆಯ ಮಾತಿಗೆ ನನ್ನ ಉತ್ತರ ಚಿಕ್ಕದು. ಪುಸ್ತಕವನ್ನು ಮೂಗಿನ ಬಳಿ ಹಿಡಿದು ಓದುವವಳ ಕಣ್ಣಿನ ಸಂಗತಿ ಬೀದಿಗೆಲ್ಲ ತಿಳಿದೇ ಇದೆ. ತಿಳಿಯದಂತೆ ಇಡಬೇಕೆಂದಿರುವುದು ಆ ಅರ್ಜಿಯೊಂದಕ್ಕೆ ಮಾತ್ರ.

ಕಾಗದದ ಕೊನೆಯಲ್ಲಿ, ತಾಯಿಗೆ ತಿಳಿಯದಂತೆ ಇರಬೇಕು, ಮಗಳು ದಪ್ಪಕ್ಷರದಲ್ಲಿ ತನ್ನದೊಂದು ಪ್ರಶ್ನೆಯನ್ನು ಸೇರಿಸಿರುವಳು: ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ ಕೋಷ್ಟಕದ ಗೆರೆಗಳನ್ನು ಎಳೆಯುವುದಕ್ಕೇ ಬಹಳ ಹೊತ್ತು ಹಿಡಿಯುವುದಂತೆ, ಹೆಚ್ಚಿನ ಕಾಲವು ಅದಕ್ಕೂ ಸಲ್ಲುವುದೇ? ಸಲ್ಲುವುದು, ಮಗಳೇ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಗೆರೆಗಳನ್ನು ನಿಧಾನವಾಗಿಯೇ ಎಳೆ.