ಪಥ್ಯದ ಪಟ್ಟಿ

ಬೇಸಿಗೆ ರಜೆಗೆ ಮುನ್ನ ಶಾಲೆಗಳು ಮಕ್ಕಳ ಕೈಗೆ ಕೊಡುವ ‘ಓದಬೇಕಾದ ಪುಸ್ತಕಗಳ’ ಪಟ್ಟಿ ನೋಡಿದರೆ ನನಗೆ ಡಾಕ್ಟರು ಬರೆದುಕೊಟ್ಟ ಪಥ್ಯದ ಚೀಟಿಯೇ ನೆನಪಾಗುತ್ತದೆ. ಖಾರವಿಲ್ಲ, ಹುಳಿಯಿಲ್ಲ, ಬರೀ ಗಂಜಿ. ಅದರಲ್ಲೊಂದು ಶಾಲೆಯ ಕಥೆಯಿದ್ದರೆ ಅಲ್ಲೊಬ್ಬ ಜಾಣ, ಇನ್ನೊಬ್ಬ ತುಂಟ. ಕೊನೆಯ ಪುಟದಲ್ಲಿ ತುಂಟ ಮೇಷ್ಟ್ರ ಕಾಲಿಗೆ ಬಿದ್ದು ಅಳಲೇಬೇಕು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ್ದೇನೆ. ಹಾಗೆ ಕಾಲಿಗೆ ಬಿದ್ದ ಒಬ್ಬ ತುಂಟನನ್ನೂ ಕಾಣೆ.

ಶಾಲೆಯನ್ನಷ್ಟೇ ಬೈದರೆ ಸಾಲದು. “ಈ ಕಥೆಯ ನೀತಿ ಏನು ಮೇಡಂ?” ಎಂದು ಮೊದಲು ಕೇಳುವವರು ತಾಯಂದಿರೇ.

ಜಪಾನಿನ ತೆತ್ಸುಕೋ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ‘ತೊತ್ತೋಚಾನ್’ 1981ರಲ್ಲಿ ಪ್ರಕಟವಾಯಿತು, ಕನ್ನಡಕ್ಕೂ ಬಂದಿದೆ. ಒಂದು ಶಾಲೆಯ ಪಟ್ಟಿಗೆ ನಾನದನ್ನು ಸೂಚಿಸಿದಾಗ ಹೊಡೆದುಹಾಕಿದರು. ಕಾರಣ ಒಂದೇ ಒಂದು ಪ್ರಸಂಗ. ಪುಟ್ಟ ಹುಡುಗಿಯ ಪರ್ಸು ಪಾಯಿಖಾನೆಯ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟು ತಂದು, ಗುಂಡಿಯಲ್ಲಿದ್ದುದನ್ನೆಲ್ಲ ಮೊಗೆದು ಹೊರಗೆ ಗುಡ್ಡೆ ಹಾಕುತ್ತಾಳೆ. ಅದನ್ನು ಕಂಡ ಹೆಡ್‌ಮಾಸ್ತರು ಕೊಬಾಯಾಶಿ ಗದರುವುದಿಲ್ಲ. ಮುಗಿದ ಮೇಲೆ ಎಲ್ಲ ವಾಪಸು ಹಾಕುತ್ತೀಯಲ್ಲ ಎಂದಷ್ಟೇ ಕೇಳಿ ಹೋಗುತ್ತಾರೆ. “ಛೀ, ಮಕ್ಕಳು ಓದುವುದೇ ಇದನ್ನು?” ಎಂದರು. ಮಕ್ಕಳಿರಲಿ, ನಾವು ಮೇಷ್ಟ್ರುಗಳು ಓದಬೇಕಾದ ಪುಟ ಅದು!

ಆ ಹುಡುಗಿ ಒಂದನೇ ತರಗತಿಯಲ್ಲೇ ಹಿಂದಿನ ಶಾಲೆಯಿಂದ ಹೊರದಬ್ಬಿಸಿಕೊಂಡವಳು. ಮಾಡಿದ ಅಪರಾಧ? ಡೆಸ್ಕಿನ ಮುಚ್ಚಳ ತೆಗೆದು ಹಾಕಿ ಸದ್ದು ಮಾಡಿದ್ದು, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆದದ್ದು. ಅವಳಿಗೆ ಇಪ್ಪತ್ತು ತುಂಬುವವರೆಗೂ ಅಮ್ಮ ಆ ಸಂಗತಿ ಬಾಯಿಬಿಡಲಿಲ್ಲ. ನಮ್ಮಲ್ಲೋ, ಲೆಕ್ಕದಲ್ಲಿ ಎರಡು ಅಂಕ ಕಡಿಮೆಯಾದರೆ ಸಂಜೆಯೊಳಗೆ ಪಕ್ಕದ ಮನೆಗೆ, ಊರಲ್ಲಿರುವ ಸೋದರತ್ತೆಗೆ, ತರಕಾರಿಯವಳಿಗೂ ಗೊತ್ತಾಗಿರುತ್ತದೆ. ಹೊಸ ಶಾಲೆಯ ತರಗತಿಗಳೆಂದರೆ ಹಳೆಯ ರೈಲು ಡಬ್ಬಿಗಳು. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು. ಇದಕ್ಕೆ ಯಾವ ನೀತಿ ಬರೆಸುತ್ತೀರಿ?

ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ. ಅದಕ್ಕೂ ಆಕ್ಷೇಪಣೆ ಇತ್ತು. ಸ್ವಾಮಿ ಹೆಡ್‌ಮಾಸ್ತರ ಕೈಯ ಬೆತ್ತವನ್ನೇ ಕಿತ್ತು ಕಿಟಕಿಯಾಚೆ ಎಸೆಯುತ್ತಾನಲ್ಲ, ಮಕ್ಕಳು ಹಾಳಾಗುವುದಿಲ್ಲವೇ? 1980ರ ದಶಕದಲ್ಲಿ ಶಂಕರನಾಗ್ ಅದೇ ಸ್ವಾಮಿಯನ್ನು ದೂರದರ್ಶನಕ್ಕೆ ತಂದಾಗ ಮನೆಮಂದಿಯೆಲ್ಲ ಒಲೆ ಆರಿಸಿ ಬಂದು ಕೂತು ನೋಡಲಿಲ್ಲವೇ? ಯಾರು ಹಾಳಾದರು? ಬೆತ್ತದ ರುಚಿ ಕಂಡ ಮಗುವಿಗೆ ಆ ಪುಟ ಎಷ್ಟು ಸಮಾಧಾನ ಕೊಡುತ್ತದೆಂದು ಬೆತ್ತ ಹಿಡಿದವರಿಗೆ ತಿಳಿಯುವುದು ಕಷ್ಟ.

ಈ ಸಲ ಪಟ್ಟಿ ಬಂದಾಗ ಕೆಳಗೆ ಇವೆರಡು ಹೆಸರು ನೀವೇ ಬರೆದುಕೊಳ್ಳಿ. ಕೋಣೆಯೊಳಗಿಂದ ನಗು ಕೇಳಿಸಿದರೆ ಏನೆಂದು ವಿಚಾರಿಸಲು ಹೋಗಬೇಡಿ. ಓದಿದ್ದಕ್ಕೆಲ್ಲ ಸಾರಾಂಶ ಬರೆದು ತಾ ಎಂದು ಯಾರಾದರೂ ಮೇಡಂ ಹೇಳಿದ್ದರೆ, ಅವರನ್ನು ನನ್ನ ಹತ್ತಿರ ಕಳಿಸಿ.