ಹೊಲ ದಾಟುವ ಮುನ್ನ ಒಂದು ಮಾತು ಕೇಳೋಣ

ಇಂಟರ್ನಲ್ಸ್ ಮುಗಿದ ವಾರ ಕ್ಯಾಂಟೀನಿನಲ್ಲಿ ಕೇಳಿಬರುವ ಮಾತು ಒಂದೇ: "ಮಗಾ, ಭಾನುವಾರ ಎಲ್ಲಾದ್ರೂ ಬೆಟ್ಟಕ್ಕೆ ಹೋಗೋಣ." ಅದರ ಬೆನ್ನಿಗೇ ಇನ್ನೊಂದು: "ಜನ ಇಲ್ಲದ ಬೆಟ್ಟ ಹುಡುಕು." ಈ ಎರಡನೇ ಮಾತಿನ ಬಗ್ಗೆ ನಾವೆಲ್ಲ ಕೂತು ಯೋಚಿಸಬೇಕಾದ ಕಾಲ ಬಂದಿದೆ.

ಜನ ಇಲ್ಲದ ಬೆಟ್ಟ ಬೇಕು ಅನ್ನಿಸೋದಕ್ಕೆ ಕಾರಣ ಇದೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ಚಾರಣಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಈ ನಿಯಮ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ ಸಿಗದವರ ಕಣ್ಣು ಈಗ ಬೇರೆ ಕಡೆ ಹೊರಳಿದೆ. ಮಾಗಡಿ, ರಾಮನಗರ, ಕನಕಪುರ, ಚಿಕ್ಕಬಳ್ಳಾಪುರದ ಕಡೆ ಊರಿಗೊಂದರಂತೆ ಇರುವ ಸಣ್ಣ ಗುಡ್ಡಗಳ ಕಡೆಗೆ. ಅಲ್ಲಿ ಬುಕಿಂಗ್ ಇಲ್ಲ, ಗೈಡ್ ಇಲ್ಲ, ಬೋರ್ಡೂ ಇಲ್ಲ. ಸ್ಯಾಟಲೈಟ್ ಮ್ಯಾಪಿನಲ್ಲಿ ಹಸಿರು ಚುಕ್ಕೆ ನೋಡಿ, ಬೈಕ್ ನಿಲ್ಲಿಸಿ, ನೇರ ಹತ್ತೋದು. ನಮ್ಮ ಭಾಷೆಯಲ್ಲಿ ಅದು 'ಆಫ್-ಟ್ರೇಲ್'.

ತೊಂದರೆ ಏನಂದ್ರೆ, ಮ್ಯಾಪಿನಲ್ಲಿ ಖಾಲಿ ಕಾಣುವ ಜಾಗ ನಿಜಕ್ಕೂ ಖಾಲಿ ಇರೋದಿಲ್ಲ. ನಮ್ಮ ಕಡೆಯ ಗುಡ್ಡ ಅಂದ್ರೆ ಬುಡದಲ್ಲಿ ರಾಗಿ ಹೊಲ, ಮಾವಿನ ತೋಪು. ಅದರ ಮೇಲೆ ದನ ಮೇಯುವ ಗೋಮಾಳ. ಇನ್ನೂ ಮೇಲೆ ಬಂಡೆ, ಲಂಟಾನ, ಕುರುಚಲು ಕಾಡು. ತುದಿಯಲ್ಲಿ ವರ್ಷಕ್ಕೊಮ್ಮೆ ಪೂಜೆ ನಡೆಯುವ ಒಂದು ಗುಡಿ. ಬೇಸಿಗೆಯಲ್ಲಿ ಹೊಲ ಬಣಗುಡುತ್ತಿದ್ದರೂ ಮಳೆ ಬಿದ್ದ ವಾರಕ್ಕೆ ಅಲ್ಲಿ ಬಿತ್ತನೆ ಆಗಿರುತ್ತೆ. ಮೊಳಕೆ ಇನ್ನೂ ಬೆರಳುದ್ದ ಇರುವಾಗ ಬೈಕಿನಿಂದ ಇಳಿದ ಸಿಟಿ ಹುಡುಗರಿಗೆ ಅದು ಹುಲ್ಲೋ ರಾಗಿಯೋ ಗೊತ್ತಾಗಲ್ಲ. ಹತ್ತು ಜೊತೆ ಶೂ ಡ್ರಿಪ್ ಪೈಪ್ ತುಳಿದರೆ, ತೆರೆದ ಗೇಟನ್ನು ಹಾಗೇ ಬಿಟ್ಟು ಹೋದರೆ, ನಷ್ಟ ಆಗೋದು ಸೋಮವಾರ ಬೆಳಗ್ಗೆ. ಆಗ ನಾವು ಕ್ಲಾಸಿನಲ್ಲಿ ಇರ್ತೀವಿ.

ಆಮೇಲೆ ಆಗೋದು ಇನ್ನೂ ಕೆಟ್ಟದ್ದು. ಹೊಲದವರು ಬೇಸತ್ತು ಗೇಟಿಗೆ ಬೀಗ ಹಾಕ್ತಾರೆ. ನಮಗೇನು, ಮುಂದಿನ ವಾರ ಇನ್ನೊಂದು ಗುಡ್ಡ. ಆದರೆ ಅದೇ ದಾರಿಯಲ್ಲಿ ದಿನಾ ದನ ಹೊಡ್ಕೊಂಡು ಹೋಗುವವರು, ಸೌದೆ ತರುವವರು, ಗುಡಿಗೆ ಹೋಗುವವರು ಎಲ್ಲಿಗೆ ಹೋಗಬೇಕು? ಊರಿನವರು ತಲೆಮಾರುಗಳಿಂದ ಬಾಯಿಮಾತಿನ ಮೇಲೆ ಉಳಿಸಿಕೊಂಡ ದಾರಿ ನಮ್ಮ ಒಂದು ಸೀಸನ್ನಿನಲ್ಲಿ ಮುಚ್ಚಿಹೋಗಬಹುದು. ಆಫ್-ಟ್ರೇಲ್ ಬಗ್ಗೆ ನಮಗಿರುವ ಮುಖ್ಯ ತಕರಾರು ಇದೇ.

"ಅಲ್ಲಪ್ಪಾ, ರೆಸಾರ್ಟಿನವರು, ಲೇಔಟಿನವರು ಬೇಲಿ ಹಾಕಿ ದಾರಿಯನ್ನೇ ನುಂಗಿರೋದು ಕಾಣಲ್ವಾ?" ಅಂತ ಕೆಲವರು ಕೇಳ್ತಾರೆ. ಕಾಣುತ್ತೆ, ಪ್ರಶ್ನೆ ಸರಿಯಾಗೇ ಇದೆ. ಆದರೆ ಅದಕ್ಕೆ ಬೇಲಿ ಹಾರೋದು ಉತ್ತರ ಅಲ್ಲ, ದಾಖಲೆ ತೆಗೆಯೋದು ಉತ್ತರ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆ ಗೆರೆಯಲ್ಲಿ ಗುರುತಿಸಿರುತ್ತಾರೆ. ಖಾಸಗಿ ಸರ್ವೆ ನಂಬರಿನ ಒಳಗೇ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ ಇದ್ದರೆ ಅದನ್ನು 'ಬಿ ಖರಾಬು' ಅಂತ ಬೇರೆ ಲೆಕ್ಕ ಇಡುತ್ತಾರೆ. ಅದು ಮಾಲೀಕರ ಸಾಗುವಳಿಯ ಜಮೀನಲ್ಲ. ಇನ್ನು 'ದಿಶಾಂಕ್' ಆಪ್ ಇದೆ. ನಿಂತ ಜಾಗದಲ್ಲಿ ತೆರೆದರೆ ಯಾವ ಊರು, ಯಾವ ಸರ್ವೆ ನಂಬರು ಅಂತ ತೋರಿಸುತ್ತೆ. ಎಂಜಿನಿಯರಿಂಗ್ ಓದುವ ನಮಗೆ ಇದು ದೊಡ್ಡ ವಿದ್ಯೆಯೇನಲ್ಲ, ಹೊರಡುವ ಹಿಂದಿನ ರಾತ್ರಿ ಅರ್ಧ ಗಂಟೆಯ ಕೆಲಸ. ಊರಿನ ದಾರಿಯನ್ನು ಯಾರೋ ಮುಚ್ಚಿದ್ದಾರೆ ಅಂತ ತಹಶೀಲ್ದಾರರ ಮುಂದೆ ಊರಿನವರ ಜೊತೆ ನಿಲ್ಲಬೇಕಾದರೆ ಕೈಯಲ್ಲಿ ನಕ್ಷೆ ಇರಬೇಕು. ಬೇಲಿ ಹಾರಿದ ರೀಲ್ ಇದ್ದರೆ ನಮ್ಮ ಮಾತು ಅಲ್ಲಿಗೇ ಮುಗೀತು.

ಕಾನೂನೂ ಸ್ವಲ್ಪ ತಿಳಿದಿರಲಿ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಪ್ರಕಾರ ಖಾಸಗಿ ಜಾಗಕ್ಕೆ ಕಾಲಿಟ್ಟದ್ದು ಅಪರಾಧ ಆಗಬೇಕಾದರೆ ಕೆಟ್ಟ ಉದ್ದೇಶ ಇರಬೇಕು: ಅಪರಾಧ ಮಾಡೋದು, ಹೆದರಿಸೋದು, ಅವಮಾನ ಮಾಡೋದು, ಕಿರುಕುಳ ಕೊಡೋದು. ಮೀಸಲು ಅರಣ್ಯದ ವಿಷಯ ಹಾಗಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು. ನಮ್ಮ ಹುಡುಗರು ಇದನ್ನು ಸರಿಯಾಗಿ ತಿರುಗಿಸಿಕೊಂಡಿದ್ದಾರೆ: ತೋಟ ಕಂಡರೆ ಹೆದರಿ ಸುತ್ತು ಹಾಕ್ತಾರೆ, ಕಾಡು ಕಂಡರೆ 'ಸರ್ಕಾರದ್ದು ತಾನೇ' ಅಂತ ನುಗ್ತಾರೆ.

"ಯುರೋಪಿನಲ್ಲಿ ಎಲ್ಲಿ ಬೇಕಾದರೂ ನಡೀಬಹುದು" ಅನ್ನೋ ವಾದವೂ ಇದೆ. ನಿಜ, ನಾರ್ವೆಯಲ್ಲಿ 1957ರಿಂದ, ಸ್ಕಾಟ್‌ಲೆಂಡಿನಲ್ಲಿ 2003ರ ಕಾನೂನಿನಿಂದ ಬೇರೆಯವರ ಜಮೀನಿನಲ್ಲೂ ನಡೆಯುವ ಹಕ್ಕಿದೆ. ಆದರೆ ಎರಡೂ ಕಡೆ ಬೆಳೆ ನಿಂತ ಹೊಲಕ್ಕೆ ಆ ಹಕ್ಕು ಅನ್ವಯಿಸಲ್ಲ.

ದೂರದ ಮಾತು ಬಿಡಿ, ನಮಗೆ ಹತ್ತಿರದ ಉದಾಹರಣೆ ತುರಹಳ್ಳಿ. ಬಸವನಗುಡಿಯ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ವಾಜರಹಳ್ಳಿ ಕಡೆ ಇಳಿದರೆ ಆ ಕಾಡು ದೂರವಿಲ್ಲ. ಅಕ್ಕಪಕ್ಕ ಅಪಾರ್ಟ್‌ಮೆಂಟು, ಲೇಔಟು. ಮಧ್ಯೆ ನೀಲಗಿರಿ, ಕುರುಚಲು, ಬಂಡೆಗಳ ಸಣ್ಣ ಗುಡ್ಡ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ 'ಕಾಡು ಕಾಡಾಗೇ ಇರಲಿ' ಅಂತ ಬೀದಿಗಿಳಿದರು. ಅಷ್ಟು ಜನ ನಿಂತು ಉಳಿಸಿಕೊಂಡ ಜಾಗದಲ್ಲಿ ನಾವು ಮನಸ್ಸಿಗೆ ಬಂದ ಕಡೆ ಹೊಸ ದಾರಿ ಮಾಡೋದು ಎಷ್ಟು ಸರಿ? ನಮ್ಮ ಸುತ್ತಲಿನ ಗುಡ್ಡಗಳ ಕಲ್ಲಿಗೆ ವಯಸ್ಸು ಬಹಳ. ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ ಅಂತ ಬೋರ್ಡು ಹಾಕಿದ್ದಾರೆ. ಬಂಡೆಗೆ ನಾವು ಏನೂ ಮಾಡಲಾರೆವು. ಆದರೆ ಅದರ ಮೇಲಿನ ಮಣ್ಣು ಗೇಣುದ್ದವೂ ಇರಲ್ಲ. ಒಂದೇ ಕಡೆ ಐವತ್ತು ಜನ ಇಳಿದರೆ ಹುಲ್ಲು ಹೋಗುತ್ತೆ, ಮುಂದಿನ ಮಳೆಗೆ ಮಣ್ಣೂ ಹೋಗುತ್ತೆ. ಟಿಟ್ಟಿಭ, ಗೌಜಲಹಕ್ಕಿ ಮೊಟ್ಟೆ ಇಡೋದು ನೆಲದ ಮೇಲೇ, ನಮ್ಮ ಶೂ ಬೀಳುವ ಜಾಗದಲ್ಲಿ.

ಆ ಐವತ್ತು ಜನರನ್ನು ಕರೆಸೋದು ನಮ್ಮ ಫೋನು. ಒಬ್ಬರು ಸ್ಟ್ರಾವಾದಲ್ಲಿ ಟ್ರ್ಯಾಕ್ ಹಾಕ್ತಾರೆ, ಇನ್ನೊಬ್ಬರು 'ಹಿಡನ್ ಪೀಕ್' ಅಂತ ಲೊಕೇಶನ್ ಸಮೇತ ರೀಲ್ ಹಾಕ್ತಾರೆ. ಎರಡು ತಿಂಗಳಲ್ಲಿ ಗುಡ್ಡದ ಮೈಮೇಲೆ ಕೆಂಪು ಗೀರು. ಹಿಡನ್ ಅಂತೆ! ಆ ಗುಡ್ಡಕ್ಕೆ ಊರಿನವರು ಇಟ್ಟ ಹೆಸರಿರುತ್ತೆ. ಬೆಟ್ಟ, ಗುಡ್ಡ, ದಿಣ್ಣೆ, ಬೋರೆ, ಕಲ್ಲು ಅಂತ ಎತ್ತರಕ್ಕೆ ತಕ್ಕ ಪದಗಳೇ ಕನ್ನಡದಲ್ಲಿವೆ. ಕೇಳಿದವರಿಗೆ ಮಾತ್ರ ಅವು ಸಿಗುತ್ತವೆ.

ಹಾಗಾಗಿ ನಾವು ಹೇಳೋದು ಇಷ್ಟು. ಬೆಟ್ಟಕ್ಕೆ ಹೋಗೋಣ, ಖಂಡಿತ ಹೋಗೋಣ. ಹಿಂದಿನ ದಿನ ನಕ್ಷೆ ನೋಡೋಣ. ಅರಣ್ಯ ಆಗಿದ್ದರೆ ಅನುಮತಿ ತಗೊಳ್ಳೋಣ, ಸಿಗದಿದ್ದರೆ ಬಿಡೋಣ. ಊರು ಬಂದ ಕೂಡಲೆ ಬೈಕ್ ನಿಲ್ಲಿಸಿ, "ಯಜಮಾನ್ರೇ, ಗುಡ್ಡಕ್ಕೆ ದಾರಿ ಎಲ್ಲಿಂದ? ನಿಮ್ಮ ಹೊಲದ ಬದು ಮೇಲೆ ಹೋಗಬಹುದಾ?" ಅಂತ ಕೇಳೋಣ. ಬೇಡ ಅಂದರೆ ವಾಪಸ್. ಹೂಂ ಅಂದರೆ ಸಾಲಾಗಿ ಬದುವಿನ ಮೇಲೇ ನಡೆದು, ಗೇಟು ಹೇಗಿತ್ತೋ ಹಾಗೇ ಮುಚ್ಚಿ ಬರೋಣ. ಲೊಕೇಶನ್ ಹಾಕೋದು ಬೇಡ.

ನಮ್ಮ ಬಸವನಗುಡಿಯ ಕಥೆ ಎಲ್ಲರಿಗೂ ಗೊತ್ತು: ರೈತರ ಕಡಲೆಕಾಯಿ ಹೊಲಕ್ಕೆ ನುಗ್ಗಿ ಮೇದ ಬಸವನಿಗೆ ಗುಡಿ ಕಟ್ಟಿ, ಇವತ್ತಿಗೂ ಕಾರ್ತಿಕದಲ್ಲಿ ಪರಿಷೆ ಮಾಡ್ತಾರೆ. ಹೊಲಕ್ಕೆ ನುಗ್ಗಿದ್ದಕ್ಕೆ ನಮಗೆ ಯಾರೂ ಗುಡಿ ಕಟ್ಟಲ್ಲ.

ಕೊನೆಗೆ ಒಂದು ಸಲಹೆ. ಸಿವಿಲ್‌ನವರಿಗೆ ಸರ್ವೆ ಕಲಿಸ್ತಾರೆ, ನಮ್ಮ ಕನ್ನಡ ಸಂಘಕ್ಕೆ ಮಾತು ಬರುತ್ತೆ. ಮುಂದಿನ ಸೆಮ್‌ನಲ್ಲಿ ಒಂದು ಗುಡ್ಡ ಆರಿಸಿಕೊಂಡು, ಗ್ರಾಮ ನಕ್ಷೆಯ ಚುಕ್ಕೆ ಗೆರೆ ಹಿಡಿದು, ಊರಿನ ಹಿರಿಯರನ್ನು ಜೊತೆಗೆ ಕರ್ಕೊಂಡು ಹಳೇ ಕಾಲುದಾರಿ ಇನ್ನೂ ಇದೆಯಾ ಅಂತ ನಡೆದು ನೋಡೋಣ. ದಾರಿಯ ಸ್ಥಿತಿ, ಗುಡ್ಡದ ಹೆಸರು, ಹೆಸರಿನ ಹಿಂದಿನ ಕಥೆ ಬರೆದು ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡೋಣ. ಬರುವವರು ಸಂಘದ ರೂಮಿನಲ್ಲಿ ಹೆಸರು ಬರೆಸಿ. ಹತ್ತು ಜನ ಸಾಕು.